ಒಂದು ನುಡಿ, ಎರಡು ಹಣೆಬರಹ

ಜಾಗತೀಕರಣವು ಸಣ್ಣ ಭಾಷೆಗಳನ್ನು ನುಂಗಿಹಾಕುತ್ತದೆ ಎಂಬ ಮಾತು ಈಗ ಚರ್ವಿತಚರ್ವಣವಾಗಿದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಂತಹ ಮಾತು ಕಿವಿಗೆ ಬಿದ್ದಾಗಲೆಲ್ಲ ಒಂದು ಹಳೆಯ ಅಭ್ಯಾಸ: ಉಳಿದ ಅಂಶಗಳೆಲ್ಲ ಹೆಚ್ಚುಕಡಿಮೆ ಸಮನಾಗಿದ್ದು, ಒಂದು ಅಂಶ ಮಾತ್ರ ಬೇರೆಯಾಗಿರುವ ನಿದರ್ಶನ ಎಲ್ಲಾದರೂ ಇದೆಯೇ ಎಂದು ಹುಡುಕುವುದು. ಅದು ಸಿಗುವುದು ಅಪರೂಪ. ಪಿರೆನೀಸ್ ಪರ್ವತಶ್ರೇಣಿಯ ಪಶ್ಚಿಮದ ತುದಿಯಲ್ಲಿ, ಸ್ಪೇನ್-ಫ್ರಾನ್ಸ್ ಗಡಿಯ ಇಕ್ಕೆಲಗಳಲ್ಲಿ ಹರಡಿರುವ ಬಾಸ್ಕ್ ನಾಡು ಅಂತಹದೊಂದು.

ಸಾಂಪ್ರದಾಯಿಕವಾಗಿ ಏಳು ಪ್ರಾಂತಗಳ ನಾಡು ಇದು. ನಾಲ್ಕು ಸ್ಪೇನಿನಲ್ಲಿ, ಮೂರು ಫ್ರಾನ್ಸಿನಲ್ಲಿ. ಜಗತ್ತಿನ ಬೇರಾವ ಜೀವಂತ ಭಾಷೆಯೊಂದಿಗೂ ನೆಂಟಸ್ತಿಕೆ ಸಾಬೀತಾಗದ ಇಲ್ಲಿಯ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದದ್ದು 1545ರಲ್ಲಿ. ಇಂದು ಗಡಿಯ ಎರಡೂ ಕಡೆ ಒಂದೇ ಯುರೋಪ್ ಒಕ್ಕೂಟ, ಒಂದೇ ನಾಣ್ಯ, ಒಂದೇ ಅಂತರ್ಜಾಲ. ಆದರೆ ಫಲಿತಾಂಶ ಒಂದೇ ಅಲ್ಲ. ಸ್ಪೇನಿನ ಮೂರು ಪ್ರಾಂತಗಳನ್ನೊಳಗೊಂಡ ಬಾಸ್ಕ್ ಸ್ವಾಯತ್ತ ಪ್ರದೇಶದಲ್ಲಿ 16 ವರ್ಷ ಮೀರಿದವರ ಪೈಕಿ ಬಾಸ್ಕ್ ಬಲ್ಲವರು 1991ರಲ್ಲಿ ಸುಮಾರು ಶೇ 24 ಇದ್ದರು. 2021ರಲ್ಲಿ ಸುಮಾರು ಶೇ 36 ಆದರು. ಫ್ರಾನ್ಸಿನ ಕಡೆ 1990ರ ದಶಕದಲ್ಲಿ ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದವರು ಈಗ ಐದನೆಯ ಒಂದು ಭಾಗದಷ್ಟಿದ್ದಾರೆ. ಎಲ್ಲವೂ ಸಮನೆಂದರೆ ಅತಿಶಯೋಕ್ತಿಯಾದೀತು. ಫ್ರಾನ್ಸಿನ ಕರಾವಳಿಗೆ ಪ್ರವಾಸಿಗರೂ ನಿವೃತ್ತರೂ ಹೊರಗಿನಿಂದ ಬಂದು ನೆಲೆಸುತ್ತಾರೆ (ನಿವೃತ್ತನಾದ ನಾನು ಅವರನ್ನು ದೂರಲಾರೆ). ಆದರೆ ದಕ್ಷಿಣದ ಬಿಲ್ಬಾವೊ ನಗರಕ್ಕೆ ಕಾರ್ಖಾನೆಗಳ ಕಾಲದಲ್ಲಿ ಬಂದ ವಲಸೆಗಾರರು ಇದಕ್ಕಿಂತ ಬಹಳ ಹೆಚ್ಚು.

ವ್ಯತ್ಯಾಸ ಇರುವುದು ಪ್ರಭುತ್ವದಲ್ಲಿ. ಗಣರಾಜ್ಯದ ಭಾಷೆ ಫ್ರೆಂಚ್ ಎಂದು ಫ್ರಾನ್ಸಿನ ಸಂವಿಧಾನ 1992ರಿಂದ ಸಾರುತ್ತಿದೆ. ಪ್ರಾದೇಶಿಕ ಭಾಷೆಗಳ ಪೂರ್ಣ ಮಾಧ್ಯಮ ಶಿಕ್ಷಣಕ್ಕೆ ಸಂಸತ್ತು ಒಪ್ಪಿದ ವಿಧಿಯನ್ನು 2021ರ ಮೇ ತಿಂಗಳಲ್ಲಿ ಅಲ್ಲಿಯ ಸಾಂವಿಧಾನಿಕ ಮಂಡಳಿ ತಳ್ಳಿಹಾಕಿತು. ಸ್ಪೇನಿನಲ್ಲಿಯೂ ಫ್ರಾಂಕೊ ಕಾಲದ ದಮನ ಕಡಿಮೆಯದಾಗಿರಲಿಲ್ಲ. ಆದರೆ ಆ ಸರ್ವಾಧಿಕಾರದ ನೆರಳಿನಲ್ಲಿಯೇ ಪೋಷಕರು 'ಇಕಸ್ತೋಲಾ' ಎಂಬ ಬಾಸ್ಕ್ ಮಾಧ್ಯಮ ಶಾಲೆಗಳನ್ನು ಕಟ್ಟಿದರು. 1968ರಲ್ಲಿ ಅರಾಂತ್ಸಾಸು ಎಂಬಲ್ಲಿ ಸೇರಿದ ವಿದ್ವಾಂಸರು, ಭಾಷಾತಜ್ಞ ಕೋಲ್ದೊ ಮಿಚೆಲೆನಾ ಅವರ ಪ್ರಸ್ತಾವವನ್ನು ಆಧರಿಸಿ, ಚದುರಿಹೋಗಿದ್ದ ಉಪಭಾಷೆಗಳಿಗೆ ಒಂದು ಶಿಷ್ಟ ಬರಹರೂಪ ಕೊಟ್ಟರು. ಫ್ರಾಂಕೊ 1975ರಲ್ಲಿ ಸತ್ತಾಗ ಪಠ್ಯಪುಸ್ತಕಕ್ಕೆ ಬೇಕಾದ ಭಾಷೆಯೂ ಕಲಿಸುವವರೂ ಸಿದ್ಧರಾಗಿದ್ದರು. 1979ರಲ್ಲಿ ಸ್ವಾಯತ್ತತೆ, 1982ರಲ್ಲಿ ಭಾಷಾ ಕಾಯಿದೆ ಬಂದವು.

ಜೊತೆಗೆ ಹಣವೂ ಬಂತು. ನಮ್ಮ ಭಾಷಾ ಚರ್ಚೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಕೇಂದ್ರವು ಆದಾಯ ತೆರಿಗೆ ಸಂಗ್ರಹಿಸಿ, ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳಿಗೆ ಹಂಚುತ್ತದೆ. ಬಾಸ್ಕ್ ಪ್ರದೇಶದಲ್ಲಿ ಇದು ತಲೆಕೆಳಗು. ಆದಾಯ ತೆರಿಗೆ, ಕಂಪನಿ ತೆರಿಗೆ, ಮೌಲ್ಯವರ್ಧಿತ ತೆರಿಗೆಗಳನ್ನು ಅಲ್ಲಿಯ ಪ್ರಾಂತಗಳೇ ಸಂಗ್ರಹಿಸಿ, ರಕ್ಷಣೆ, ವಿದೇಶಾಂಗದಂತಹ ಕೇಂದ್ರದ ಹೊಣೆಗಳ ವೆಚ್ಚದಲ್ಲಿ ಶೇ 6.24ರಷ್ಟನ್ನು ತಮ್ಮ ಪಾಲೆಂದು ಲೆಕ್ಕಹಾಕಿ ಮ್ಯಾಡ್ರಿಡ್‌ಗೆ ಕಟ್ಟುತ್ತವೆ. 1878ರಲ್ಲಿ ಆರಂಭವಾದ ಈ ಒಪ್ಪಂದವನ್ನು ಫ್ರಾಂಕೊ 1937ರಲ್ಲಿ ಎರಡು 'ದ್ರೋಹಿ' ಪ್ರಾಂತಗಳಿಂದ ಕಿತ್ತುಕೊಂಡ. 1981ರಲ್ಲಿ ಅದು ಮರಳಿತು. ಶಿಕ್ಷಕರ ಮರುತರಬೇತಿ, ಬಾಸ್ಕ್ ದೂರದರ್ಶನ, ವಯಸ್ಕರ ತರಗತಿಗಳೆಲ್ಲ ನಡೆದದ್ದು ಈ ಬೊಕ್ಕಸದ ಬಲದಿಂದ. 1997ರಲ್ಲಿ ತೆರೆದ ಗುಗೆನ್‌ಹೈಮ್ ವಸ್ತುಸಂಗ್ರಹಾಲಯಕ್ಕೆ ಹಣ ಸುರಿದದ್ದೂ ಬಾಸ್ಕ್ ಆಡಳಿತಗಳೇ. ಈ ಲೆಕ್ಕಾಚಾರದಲ್ಲಿ ಶ್ರೀಮಂತ ಪ್ರದೇಶವೊಂದು ಬಡ ಪ್ರದೇಶಗಳ ಹೊರೆಯಿಂದ ನುಣುಚಿಕೊಳ್ಳುತ್ತದೆ ಎಂಬ ಆಕ್ಷೇಪ ಸ್ಪೇನಿನಲ್ಲಿ ಇದೆ. ಆಕ್ಷೇಪದಲ್ಲಿ ಹುರುಳಿದೆ ಎಂದೇ ನನ್ನ ಭಾವನೆ. ಎಲ್ಲರೂ ಕೇಳಿದರೆ ಕೊಡಲಾಗದ ಸವಲತ್ತು ಅದು.

ಬಾಸ್ಕ್ ಎಂದೊಡನೆ ಹಲವರಿಗೆ ನೆನಪಾಗುವುದು ಈಟಾ ಸಂಘಟನೆ. 1959ರಲ್ಲಿ ಹುಟ್ಟಿದ ಅದು 800ಕ್ಕೂ ಹೆಚ್ಚು ಜನರನ್ನು ಕೊಂದು, 2011ರಲ್ಲಿ ಸಶಸ್ತ್ರ ಹೋರಾಟ ನಿಲ್ಲಿಸಿ, 2018ರಲ್ಲಿ ವಿಸರ್ಜನೆಗೊಂಡಿತು. ಆ ರಕ್ತಪಾತದಿಂದ ಭಾಷೆಗೆ ಒಬ್ಬ ಹೊಸ ಓದುಗನಾದರೂ ದಕ್ಕಿದನೆಂದು ನಾನು ನಂಬುವುದಿಲ್ಲ. ಅದಕ್ಕಿಂತ ಮಹತ್ವದ್ದು ಅಸ್ಮಿತೆಯ ವ್ಯಾಖ್ಯೆಯಲ್ಲಾದ ಬದಲಾವಣೆ. 1895ರಲ್ಲಿ ರಾಷ್ಟ್ರೀಯವಾದಿ ಪಕ್ಷ ಸ್ಥಾಪಿಸಿದ ಸಬಿನೊ ಅರಾನಾಗೆ ಬಾಸ್ಕ್ ಎಂದರೆ ವಂಶ, ಮನೆತನದ ಹೆಸರು. ವಲಸೆ ಬಂದ ಕಾರ್ಮಿಕರೆಂದರೆ ತಾತ್ಸಾರ. ಆದರೆ ಬಾಸ್ಕ್ ಭಾಷಿಕರು ತಮ್ಮನ್ನು ಕರೆದುಕೊಳ್ಳುವ 'ಎವುಸ್ಕಲ್ದುನ್' ಪದದ ಅರ್ಥ 'ಬಾಸ್ಕ್ ಭಾಷೆ ಉಳ್ಳವನು' ಎಂದಷ್ಟೆ. ರಕ್ತವನ್ನು ಕಲಿಯಲಾಗದು, ಭಾಷೆಯನ್ನು ಕಲಿಯಬಹುದು. ಬಾಸ್ಕ್ ನಾಡಿನಲ್ಲಿ ಹುಟ್ಟಿದ ಅಥವಾ ಅಲ್ಲಿ ಪಳಗಿದ ಆಟಗಾರರನ್ನೇ ಆಡಿಸುವ ಅಥ್ಲೆಟಿಕ್ ಬಿಲ್ಬಾವೊ ಫುಟ್‌ಬಾಲ್ ತಂಡದ ಇನ್ಯಾಕಿ ವಿಲಿಯಮ್ಸ್, ಘಾನಾದಿಂದ ಬಂದ ದಂಪತಿಯ ಮಗ. ಅರಾನಾನ ವ್ಯಾಖ್ಯೆಯಲ್ಲಿ ಅವರಿಗೆ ಎಡೆಯಿರುತ್ತಿರಲಿಲ್ಲ.

ಇಷ್ಟಾದರೂ ಒಂದು ಸಂಖ್ಯೆ ನನ್ನನ್ನು ಕಾಡುತ್ತದೆ. ಏಳೂ ಪ್ರಾಂತಗಳ ಬೀದಿಗಳಲ್ಲಿ ನಿಂತು, ಜನ ಯಾವ ಭಾಷೆಯಲ್ಲಿ ಮಾತಾಡುತ್ತಿದ್ದಾರೆಂದು ಕಿವಿಗೊಟ್ಟು ದಾಖಲಿಸುವ ಸಮೀಕ್ಷೆಯೊಂದು 1989ರಿಂದ ನಡೆದುಬಂದಿದೆ. ಬಾಸ್ಕ್ ಮಾತಿನ ಪ್ರಮಾಣ ಇಷ್ಟು ವರ್ಷವೂ ಶೇ 10ರಿಂದ 14ರ ನಡುವೆಯೇ ಓಲಾಡಿದೆ. ಬಲ್ಲವರು ಹೆಚ್ಚಿದರು, ಆಡುವವರು ಅದೇ ವೇಗದಲ್ಲಿ ಹೆಚ್ಚಲಿಲ್ಲ. ತರಗತಿಯಲ್ಲಿ ಬಾಸ್ಕ್, ಆಟದ ಬಯಲಿನಲ್ಲಿ ಸ್ಪ್ಯಾನಿಷ್. ಇತ್ತೀಚಿನ ವರ್ಷಗಳಲ್ಲಿ, ಸರ್ಕಾರಿ ನೇಮಕಾತಿಯಲ್ಲಿ ಬಾಸ್ಕ್ ಜ್ಞಾನ ಕಡ್ಡಾಯಗೊಳಿಸಿದ ಕೆಲವು ಷರತ್ತುಗಳನ್ನು ನ್ಯಾಯಾಲಯಗಳು ರದ್ದುಪಡಿಸಿರುವುದರಿಂದ ಕಲಿಕೆಯ ಆಕರ್ಷಣೆಯೂ ಕುಗ್ಗಬಹುದು. ಅರ್ಥಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಪೂರೈಕೆಯನ್ನು ಬಜೆಟ್ಟು ನೋಡಿಕೊಂಡಿತು, ಬೇಡಿಕೆಯನ್ನು ನೋಡಿಕೊಳ್ಳುವುದು ಅದರಿಂದಾಗಲಿಲ್ಲ.

ಬಾಸ್ಕ್ ಜನರಿಗೂ ಇದು ತಿಳಿದಿದೆ. 2018ರಲ್ಲಿ ಅವರು ಹನ್ನೊಂದು ದಿನಗಳ ಅಭಿಯಾನವೊಂದನ್ನು ಆರಂಭಿಸಿದರು. ಎರಡು ಬಗೆಯ ಬಿಲ್ಲೆಗಳಲ್ಲಿ ಒಂದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು. ಒಂದರ ಅರ್ಥ, ಬಾಸ್ಕ್ ತಿಳಿಯುವವರೊಡನೆ ನಾನು ಬಾಸ್ಕ್‌ನಲ್ಲೇ ಮಾತಾಡುತ್ತೇನೆ ಎಂದು. ಇನ್ನೊಂದು, ನನಗೆ ಸರಾಗವಾಗಿ ಆಡಲು ಬಾರದಿರಬಹುದು, ಆದರೆ ಅರ್ಥವಾಗುತ್ತದೆ, ನನ್ನೊಡನೆ ಬಾಸ್ಕ್‌ನಲ್ಲೇ ಮಾತಾಡಿ ಎಂದು. ಆ ವರ್ಷ ಎರಡು ಲಕ್ಷಕ್ಕೂ ಹೆಚ್ಚು ಜನ ಭಾಗವಹಿಸಿದರು.