ಹೈಟಿಯವರು, ಕೀನ್ಯಾದವರು ಮತ್ತು ನಮ್ಮ ತಕ್ಕಡಿ

ಹಿಂದಿನ ತಿಂಗಳು ಒಂದು ಸೋಮವಾರ, ಹೊಟೇಲಿಗೆ ರಜೆಯಿದ್ದುದರಿಂದ, ನಮ್ಮ ಸಂಘದ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರಿದ್ದೆವು. ಮಾತು ಎಲ್ಲಿಂದಲೋ ಹೊರಟು ಅಮೆರಿಕಕ್ಕೆ ಹೋಯಿತು. ಅಲ್ಲಿಗೆ ವಲಸೆ ಹೋದ ಕಪ್ಪು ಜನರಲ್ಲಿ ಕೀನ್ಯಾದವರು ಓದಿ, ದುಡಿದು ಮೇಲೆ ಬಂದಿದ್ದಾರೆ, ಹೈಟಿಯವರು ಮಾತ್ರ ಬಡತನದಲ್ಲಿಯೇ ಉಳಿದಿದ್ದಾರೆ ಎಂದು ಯಾರೋ ತಾವು ಓದಿದುದನ್ನು ಹೇಳಿದರು. ಅದಕ್ಕೆ ನಮ್ಮ ಹಿರಿಯ ಮಿತ್ರರೊಬ್ಬರು, ಮೂವತ್ತು ವರ್ಷ ಗಲ್ಲೆಯ ಮೇಲೆ ಕುಳಿತು ಜನರನ್ನು ಕಂಡವರು, “ಬಣ್ಣ ಒಂದೇ, ಹೋದ ದೇಶವೂ ಒಂದೇ. ಒಬ್ಬ ಏರಿದ, ಒಬ್ಬ ಬಿದ್ದ ಅಂದರೆ ಅದು ಆ ಜನದ ಗುಣ ಮಾರಾಯ್ರೆ, ಬೇರೆ ಏನೂ ಅಲ್ಲ” ಎಂದು ತೀರ್ಪು ಕೊಟ್ಟರು. ಅಷ್ಟಕ್ಕೇ ನಿಲ್ಲದೆ, ಈಚೆಗೆ ನಮ್ಮ ಅಡಿಗೆಮನೆಗಳಿಗೆ ಬರುತ್ತಿರುವ ಒಡಿಶಾ, ನೇಪಾಳದ ಹುಡುಗರನ್ನೂ ಅದೇ ತಕ್ಕಡಿಯಲ್ಲಿಟ್ಟು ತೂಗಿದರು. ನಾನು ಆಗ ಸುಮ್ಮನಿದ್ದೆ. ಸುಮ್ಮನಿದ್ದುದು ಸರಿಯಾಗಲಿಲ್ಲವೆಂದು ತೋರಿದುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಒಪ್ಪಬೇಕಾದುದನ್ನು ಒಪ್ಪಿಬಿಡೋಣ. ಅಂತರ ಇರುವುದು ನಿಜ. ಅಮೆರಿಕದಲ್ಲಿ ಹೈಟಿಯಲ್ಲಿ ಹುಟ್ಟಿದವರು 7 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಕೀನ್ಯಾದಲ್ಲಿ ಹುಟ್ಟಿದವರು ಒಂದೂವರೆ ಲಕ್ಷದ ಆಸುಪಾಸು. ಕೀನ್ಯಾದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಾಲೇಜು ಪದವಿ ಪಡೆದವರು. ಹೈಟಿಯವರಲ್ಲಿ ಪದವಿ ಇರುವವರು ಐವರಿಗೆ ಒಬ್ಬರಂತೆ. ಕುಟುಂಬದ ವರಮಾನದಲ್ಲಿಯೂ ಕೀನ್ಯಾದವರ ಕೈ ಮೇಲು. ಇಷ್ಟನ್ನು ಕೇಳಿ ನಮ್ಮ ಮಿತ್ರರು ತಲೆದೂಗುವರು. ಆದರೆ ಇನ್ನೊಂದು ಲೆಕ್ಕವನ್ನೂ ಅವರು ಕೇಳಬೇಕು. ಹದಿನಾರು ವರ್ಷ ಮೀರಿದ ಹೈಟಿಯ ವಲಸೆಗಾರರಲ್ಲಿ ನೂರಕ್ಕೆ ಸುಮಾರು 70 ಮಂದಿ ದುಡಿಮೆಯಲ್ಲಿದ್ದಾರೆ, ಇಲ್ಲವೆ ದುಡಿಮೆ ಹುಡುಕುತ್ತಿದ್ದಾರೆ. ಅಮೆರಿಕದಲ್ಲಿಯೇ ಹುಟ್ಟಿದವರಲ್ಲಿ ಈ ಪ್ರಮಾಣ ಅದಕ್ಕಿಂತ ಕಡಿಮೆ. ಮಯಾಮಿಯ ಹೊಟೇಲುಗಳಲ್ಲಿ ಹಾಸಿಗೆ ಹಾಸುವವರು, ನ್ಯೂಯಾರ್ಕಿನಲ್ಲಿ ಮುದುಕರ ಮೈ ತೊಳೆದು ಊಟ ಮಾಡಿಸುವವರು, ಅಡಿಗೆಮನೆಯ ಹಿಂದುಗಡೆ ಪಾತ್ರೆ ಉಜ್ಜುವವರು, ಇವರಲ್ಲಿ ಹೈಟಿಯವರು ಎಷ್ಟು ಮಂದಿ! ನ್ಯೂಯಾರ್ಕಿನ ಆಸ್ಪತ್ರೆ ನೌಕರರ ಪ್ರಬಲ ಯೂನಿಯನ್ನಾದ 1199ರಲ್ಲಿ ಅವರ ಸಂಖ್ಯೆ ದೊಡ್ಡದು. ಬೆಳಗಿನ ಪಾಳಿ ಒಂದು ಕಡೆ, ರಾತ್ರಿ ಪಾಳಿ ಮತ್ತೊಂದು ಕಡೆ ಮಾಡುವವನನ್ನು ಸೋಮಾರಿ ಎನ್ನುವ ಬಾಯಿ ಯಾವುದು?

ಹಾಗಾದರೆ ಅಂತರ ಎಲ್ಲಿಂದ ಬಂತು? ಅಮೆರಿಕದೊಳಗೆ ಯಾರು ಯಾವ ಬಾಗಿಲಿನಿಂದ ಹೊಕ್ಕರು ಎಂಬುದನ್ನು ನೋಡಿದರೆ ವಿಷಯ ಬಹುಮಟ್ಟಿಗೆ ತಿಳಿಯುತ್ತದೆ.

ಕೀನ್ಯಾದವರ ಬಾಗಿಲು ತೆರೆದ ಕತೆಯಲ್ಲಿ ಕಾರ್ಮಿಕರಾದ ನಾವು ನೆನೆಯಬೇಕಾದ ಒಂದು ಹೆಸರುಂಟು: ಟಾಮ್ ಎಂಬೋಯಾ. ಆತ ಕೀನ್ಯಾದ ಕಾರ್ಮಿಕ ಒಕ್ಕೂಟದ ಕಾರ್ಯದರ್ಶಿ. ದೇಶ ಇನ್ನೂ ಬ್ರಿಟಿಷರ ಕೈಯಲ್ಲಿದ್ದಾಗಲೇ, ನಾಳೆ ಸ್ವಾತಂತ್ರ್ಯ ಬಂದರೆ ಕಚೇರಿ ನಡೆಸುವವರಾರು, ಪಾಠ ಹೇಳುವವರಾರು ಎಂದು ಚಿಂತಿಸಿದವನು. ಅಮೆರಿಕದಲ್ಲೆಲ್ಲ ತಿರುಗಿ, ಕಾಲೇಜುಗಳಿಂದ ವಿದ್ಯಾರ್ಥಿವೇತನ ಕೇಳಿ, ಧನಿಕರಿಂದ ಚಂದಾ ಎತ್ತಿ, 1959ರ ಸೆಪ್ಟೆಂಬರಿನಲ್ಲಿ 81 ವಿದ್ಯಾರ್ಥಿಗಳನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಕಳುಹಿಸಿದನು. ಹಾಡುಗಾರ ಹ್ಯಾರಿ ಬೆಲಫಾಂಟೆ, ಆಟಗಾರ ಜಾಕಿ ರಾಬಿನ್ಸನ್ ಮೊದಲಾದವರು ಬೆಂಬಲಕ್ಕೆ ನಿಂತರು. ಮರುವರ್ಷ ಕೆನಡಿ ಮನೆತನದ ಹಣವೂ ಒದಗಿತು. ಆ 1960ರ ತಂಡದಲ್ಲಿ ಹೋದ ಒಬ್ಬ ಹುಡುಗಿ ವಂಗಾರಿ ಮಾಥಾಯ್. ಮುಂದೆ ಗಿಡ ನೆಡುವ ಚಳವಳಿ ಕಟ್ಟಿ 2004ರಲ್ಲಿ ನೊಬೆಲ್ ಶಾಂತಿ ಬಹುಮಾನ ಪಡೆದವಳು. ಎಂಬೋಯಾನನ್ನು 1969ರಲ್ಲಿ ನೈರೋಬಿಯ ಬೀದಿಯಲ್ಲಿ ಗುಂಡಿಕ್ಕಿ ಕೊಂದರು. ಆದರೆ ಓದಿನ ದಾರಿ ಉಳಿಯಿತು. (ಕೀನ್ಯಾದ ಕಾರ್ಮಿಕ ಚಳವಳಿಗೆ ಅಡಿಪಾಯ ಹಾಕಿದವರಲ್ಲಿ ನಮ್ಮ ಪಂಜಾಬಿನಲ್ಲಿ ಹುಟ್ಟಿದ ಮಖನ್ ಸಿಂಗ್ ಒಬ್ಬರು, ಬ್ರಿಟಿಷರು ಅವರನ್ನು 1950ರಿಂದ 1961ರ ವರೆಗೆ ಬಂಧನದಲ್ಲಿಟ್ಟಿದ್ದರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.)

ಆ ಮೇಲೆ ಬಂದುದು ಲಾಟರಿ. 1990ರ ಕಾನೂನಿನಂತೆ, ಯಾವ ದೇಶಗಳಿಂದ ಅಮೆರಿಕಕ್ಕೆ ಕಡಿಮೆ ಜನ ಬರುತ್ತಾರೋ ಅಂಥ ದೇಶದವರಿಗೆ ಚೀಟಿ ಎತ್ತಿ ವಾಸದ ಪರವಾನಗಿ ಕೊಡುವ ಏರ್ಪಾಡು 1995ರಿಂದ ನಡೆಯಿತು. ಕೀನ್ಯಾದ ಸಾವಿರಾರು ಮಂದಿ ಈ ಮೂಲಕ ಹೋದರು. ಚೀಟಿ ಎತ್ತಿದರೂ ಹೈಸ್ಕೂಲು ಮುಗಿಸಿರಬೇಕು, ಇಲ್ಲವೆ ತರಬೇತಿ ಬೇಡುವ ಕಸಬಿನಲ್ಲಿ ಎರಡು ವರ್ಷ ದುಡಿದಿರಬೇಕು. ವಿಮಾನದ ಖರ್ಚಿಗೆ ದುಡ್ಡು ಇರಬೇಕು. ಅಂದರೆ ನೈರೋಬಿಯಲ್ಲಿಯೇ ಜರಡಿ ಹಿಡಿದಾಗಿತ್ತು. ಜರಡಿಯಿಂದ ಇಳಿದ ಹಿಟ್ಟನ್ನು ಕಂಡು ಧಾನ್ಯವೆಲ್ಲ ಹೀಗೆಯೇ ಎನ್ನಬಹುದೆ? ಈ ಲಾಟರಿಯ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೈಟಿಗೆ ಜಾಗವಿರಲಿಲ್ಲ. ನಮ್ಮ ಭಾರತಕ್ಕೂ ಇರಲಿಲ್ಲ. ಜತೆಗೆ ಕೀನ್ಯಾದಲ್ಲಿ ಶಾಲೆಯ ಓದು ಇಂಗ್ಲಿಷಿನದು. ವಿಮಾನದಿಂದ ಇಳಿದ ದಿನವೇ ಆತ ಅರ್ಜಿ ಬರೆಯಬಲ್ಲ.

ಹೈಟಿಯವರ ಕತೆ ಬೇರೆ. ಅಲ್ಲಿನ ಕಬ್ಬಿನ ತೋಟಗಳ ಗುಲಾಮರು 1791ರಲ್ಲಿ ದಂಗೆಯೆದ್ದು, ನೆಪೋಲಿಯನ್ನನ ಸೇನೆಯನ್ನು ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು. ಲೋಕದಲ್ಲಿ ಗುಲಾಮರೇ ಗೆದ್ದು ಕಟ್ಟಿದ ರಾಷ್ಟ್ರ ಅದೊಂದೇ. ಅದಕ್ಕೆ ಸಿಕ್ಕಿದ ಬಹುಮಾನ ಏನು? 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಹೋದ ತೋಟಕ್ಕೂ ಗುಲಾಮರಿಗೂ ಪರಿಹಾರವೆಂದು 15 ಕೋಟಿ ಫ್ರಾಂಕ್ ಕೇಳಿತು. ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಚಾವಟಿಯ ಏಟು ತಿಂದವನೇ ಚಾವಟಿ ಹಿಡಿದವನಿಗೆ ಬೆಲೆ ಕೊಡಬೇಕಾಯಿತು. ಕೊಡಲು ಹಣವಿಲ್ಲದೆ ಸಾಲ, ಸಾಲದ ಬಡ್ಡಿ ತೀರಿಸಲು ಮತ್ತೆ ಸಾಲ. ಆ ಋಣದ ಕೊನೆಯ ಕಂತು ಮುಗಿದಾಗ 1947 ಬಂದಿತ್ತು. ನಡುವೆ 1915ರಿಂದ 1934ರ ವರೆಗೆ ಅಮೆರಿಕದ ಸೈನ್ಯವೇ ಅಲ್ಲಿ ಠಾಣೆ ಹಾಕಿತು. 1957ರಿಂದ 1986ರ ವರೆಗೆ ಡುವಾಲಿಯೇ ತಂದೆ ಮಗ ಇಬ್ಬರ ಸರ್ವಾಧಿಕಾರ. ಊರು ಬಿಟ್ಟು ಓಡದೆ ಜನ ಏನು ಮಾಡಬೇಕು?

1970ರ ದಶಕದಿಂದ ಬಡವರು ಮರದ ದೋಣಿಗಳಲ್ಲಿ ಸುಮಾರು ಏಳುನೂರು ಮೈಲು ಸಮುದ್ರ ದಾಟಿ ಫ್ಲಾರಿಡಾದ ದಂಡೆಗೆ ಬರತೊಡಗಿದರು. 1980ರಲ್ಲಿ ಅದೇ ದಂಡೆಗೆ ಕ್ಯೂಬಾದಿಂದ ಒಂದೂಕಾಲು ಲಕ್ಷ ಮಂದಿ ಬಂದರು. ಹೈಟಿಯಿಂದ ಬಂದವರು ಅದರ ಐದನೆಯ ಒಂದು ಪಾಲು. ಕ್ಯೂಬಾದವರು ಕಮ್ಯೂನಿಸ್ಟರಿಂದ ತಪ್ಪಿಸಿಕೊಂಡು ಬಂದವರೆಂದು ಅವರಿಗೆ ಆದರ. ಹೈಟಿಯವರು ಹೊಟ್ಟೆಪಾಡಿಗೆ ಬಂದವರೆಂದು ಅವರಿಗೆ ಕ್ರೋಮ್ ಎಂಬ ಬಂಧನ ಶಿಬಿರ. ಮರುವರ್ಷದಿಂದ ಅಮೆರಿಕದ ಕಾವಲು ಹಡಗುಗಳು ದೋಣಿಗಳನ್ನು ನಡುನೀರಿನಲ್ಲೇ ತಡೆದು ಹಿಂದಕ್ಕಟ್ಟಿದವು. ಹತ್ತು ವರ್ಷಗಳಲ್ಲಿ ಹೀಗೆ ತಡೆದ ಇಪ್ಪತ್ತು ಸಾವಿರಕ್ಕೂ ಮಿಕ್ಕ ಜನರಲ್ಲಿ ಆಶ್ರಯಕ್ಕೆ ಅರ್ಜಿ ಹಾಕಲು ಬಿಟ್ಟುದು ಬೆರಳೆಣಿಕೆಯಷ್ಟು ಮಂದಿಯನ್ನು. 2004ರಲ್ಲಿ, ಲೇಖಕಿ ಎಡ್ವಿಜ್ ಡಾಂಟಿಕಾಳ ದೊಡ್ಡಪ್ಪ, 81 ವರ್ಷದ ಪಾದ್ರಿ, ಗೂಂಡಾಗಳಿಂದ ಜೀವ ಉಳಿಸಿಕೊಳ್ಳಲು ಮಯಾಮಿಗೆ ಬಂದಿಳಿದರು. ಅವರ ಬಳಿ ವೀಸಾ ಇತ್ತು. ಆಶ್ರಯ ಬೇಕೆಂದು ನಿಜ ಹೇಳಿದುದೇ ತಪ್ಪಾಗಿ ಕ್ರೋಮಿಗೆ ಸೇರಿದರು. ಕೆಲವೇ ದಿನಗಳಲ್ಲಿ ಬಂಧನದಲ್ಲಿಯೇ ಪ್ರಾಣ ಬಿಟ್ಟರು.

ಕಾಗದಪತ್ರವಿಲ್ಲದವನ ಪಾಡು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪಗಾರ ಕಡಿಮೆಯಾದರೂ ಬಾಯಿ ಬಿಡುವಂತಿಲ್ಲ, ಒಳ್ಳೆಯ ಕೆಲಸಕ್ಕೆ ಅರ್ಜಿ ಹಾಕುವಂತಿಲ್ಲ, ಊರಿನಲ್ಲಿ ತಾಯಿ ಸತ್ತರೆ ಹೋಗಿ ಬರುವಂತಿಲ್ಲ. 2010ರ ಭೂಕಂಪದ ನಂತರ ಹೈಟಿಯವರಿಗೆ ತಾತ್ಕಾಲಿಕ ರಕ್ಷಣೆ ಎಂಬ ಒಂದು ಪರವಾನಗಿ ಕೊಟ್ಟರು. ಅದು ಒಂದೂವರೆ ವರ್ಷಕ್ಕೊಮ್ಮೆ ನವೀಕರಿಸಬೇಕಾದ ಚೀಟಿ. ಹದಿನೈದು ವರ್ಷ ಹೀಗೆ ಕಂತಿನಲ್ಲಿ ಬದುಕಿದ ಮೇಲೆ, 2025ರಲ್ಲಿ ಅದನ್ನು ರದ್ದು ಮಾಡುವ ಆಜ್ಞೆ ಹೊರಟು, ಜನ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ನಾಳೆ ಇರುತ್ತೇವೋ ಇಲ್ಲವೋ ಎಂದು ತಿಳಿಯದವನು ಮನೆ ಕೊಳ್ಳಲಿಲ್ಲ, ಅಂಗಡಿ ತೆರೆಯಲಿಲ್ಲ ಎಂದು ಪಂಡಿತರು ಅಂಕಿ ಅಂಶ ಬರೆಯುತ್ತಾರೆ!

ಅಪಮಾನದ ಲೆಕ್ಕ ಬೇರೆಯೇ ಇದೆ. 1980ರ ದಶಕದಲ್ಲಿ ಏಡ್ಸ್ ರೋಗ ಕಾಣಿಸಿಕೊಂಡಾಗ ಅಮೆರಿಕದ ಆರೋಗ್ಯ ಇಲಾಖೆ ಹೈಟಿಯವರನ್ನು ಇಡೀ ಜನಾಂಗವಾಗಿ ಅಪಾಯದ ಪಟ್ಟಿಗೆ ಸೇರಿಸಿತು. 1990ರಲ್ಲಿ ಅವರ ರಕ್ತದಾನವನ್ನೇ ನಿಷೇಧಿಸಿದರು. ಆಗ ಏಪ್ರಿಲ್ 20ರಂದು, ಐವತ್ತು ಸಾವಿರಕ್ಕೂ ಹೆಚ್ಚು ಹೈಟಿಯವರು ಕೆಲಸ ಬಿಟ್ಟು ಬ್ರೂಕ್ಲಿನ್ ಸೇತುವೆಯ ಮೇಲೆ ಮೆರವಣಿಗೆ ಹೊರಟರು. ಸೇತುವೆ ಅದುರಿತೆಂದು ಜನ ಈಗಲೂ ಹೇಳುತ್ತಾರೆ. ಆ ವರ್ಷ ಮುಗಿಯುವ ಮುನ್ನ ನಿಷೇಧ ಹಿಂದೆಗೆಯಿತು. 2024ರಲ್ಲಿಯಂತೂ, ಒಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದ ಹೈಟಿಯವರು ನೆರೆಯವರ ನಾಯಿ ಬೆಕ್ಕು ತಿನ್ನುತ್ತಾರೆಂಬ ಸುಳ್ಳನ್ನು ಅಧ್ಯಕ್ಷ ಪದವಿಯ ಅಭ್ಯರ್ಥಿಯೇ ಚರ್ಚಾವೇದಿಕೆಯಲ್ಲಿ ಆಡಿದನು. ಅದರ ಹಿಂದೆಯೇ ಆ ಊರಿನ ಶಾಲೆಗಳಿಗೆ ಬಾಂಬಿನ ಬೆದರಿಕೆ ಬಂತು.

ಇಷ್ಟಾದರೂ “ಗುಣ” ಎನ್ನುವವರಿಗೆ ಎರಡು ನಿದರ್ಶನ ಮುಂದಿಡುತ್ತೇನೆ. 1960ರ ದಶಕದಲ್ಲಿ ಡುವಾಲಿಯೇ ಭಯದಿಂದ ಹೈಟಿಯ ವೈದ್ಯರು, ಶಿಕ್ಷಕರು, ದಾದಿಯರು ಕೆನಡಾದ ಮಾಂಟ್ರಿಯಲಿಗೆ ಹೋದರು. ಅಲ್ಲಿ ಶಾಲೆ ಆಸ್ಪತ್ರೆಗಳು ಬೆಳೆಯುತ್ತಿದ್ದ ಕಾಲ. ಫ್ರೆಂಚ್ ಬಲ್ಲವರು ಬೇಕಾಗಿದ್ದರು. ಹೈಟಿಯವರಿಗೆ ಒಳ್ಳೆಯ ಹುದ್ದೆಗಳು ದೊರೆತವು. 1968ರಲ್ಲಿ ಹಾಗೆ ಓಡಿ ಬಂದ ಒಬ್ಬ ಶಿಕ್ಷಕನ ಮಗಳು ಮಿಕಾಯೆಲ್ ಝಾಂ 2005ರಲ್ಲಿ ಕೆನಡಾದ ಗವರ್ನರ್ ಜನರಲ್ ಆದಳು. ಅದೇ ಮಾಂಟ್ರಿಯಲಿಗೆ ಆಮೇಲೆ ಬಂದ ಬಡ ಹೈಟಿಯವರು ಕಾರ್ಖಾನೆ ಸೇರಿದರು, ಟ್ಯಾಕ್ಸಿ ಓಡಿಸಿದರು. ಬಣ್ಣದ ಕಾರಣಕ್ಕೆ ಅವರನ್ನು ಟ್ಯಾಕ್ಸಿಯಿಂದ ದೂರವಿಟ್ಟ ಸಂಗತಿ 1980ರ ದಶಕದ ಆರಂಭದಲ್ಲಿ ಸರ್ಕಾರಿ ವಿಚಾರಣೆಯ ತನಕ ಹೋಯಿತು. ಜನ ಅದೇ, ನಗರವೂ ಅದೇ. ಬಾಗಿಲು ಮಾತ್ರ ಬೇರೆ.

ಇನ್ನು ಕೀನ್ಯಾದವರು. ಅಮೆರಿಕಕ್ಕೆ ಪದವೀಧರನನ್ನು ಕಳುಹಿಸುವ ದೇಶವೇ ಸೌದಿ ಅರೇಬಿಯಾಕ್ಕೆ ಮನೆಗೆಲಸದ ಹೆಂಗಸರನ್ನು ಕಳುಹಿಸುತ್ತದೆ. ಅಲ್ಲಿ ಯಜಮಾನನ ಕೈಯಲ್ಲಿ ಪಾಸ್‌ಪೋರ್ಟು. ದೇಶದ ಸಾಮಾನ್ಯ ಕಾರ್ಮಿಕ ಕಾನೂನಿನಿಂದ ಮನೆಗೆಲಸದವರನ್ನು ಹೊರಗಿಟ್ಟಿದ್ದಾರೆ. ಪಗಾರ ಸಿಗದವರು, ಹೊಡೆತ ತಿಂದವರು, ಹೆಣವಾಗಿ ಮರಳಿದವರು ಎಷ್ಟೋ ಮಂದಿ. ನೈರೋಬಿಯ ಸಂಸತ್ತಿನಲ್ಲಿಯೇ ಇದರ ಚರ್ಚೆ ನಡೆದಿದೆ. ಎಲ್ಲಿ ಹೋಯಿತು ಕೀನ್ಯಾದವರ ಆ “ಗುಣ”? ನಮ್ಮ ಕರಾವಳಿಯ ಮನೆಗಳಲ್ಲಿ ಕೊಲ್ಲಿ ದೇಶಕ್ಕೆ ಹೋದವರಿಲ್ಲದ ಮನೆ ಕಡಿಮೆ. ಅವರನ್ನು ಕೇಳಿದರೆ ಉತ್ತರ ಸಿಕ್ಕೀತು.

ಅಮೆರಿಕದಲ್ಲಿರುವ ಕೀನ್ಯಾದವರೆಲ್ಲ ಮೆತ್ತೆಯ ಮೇಲೆ ಕುಳಿತಿದ್ದಾರೆಂದೂ ತಿಳಿಯಬೇಡಿ. ಊರಿನಲ್ಲಿ ಮೇಷ್ಟರಾಗಿದ್ದವರು ಅಲ್ಲಿ ಮುದುಕರ ಆಸ್ಪತ್ರೆಯಲ್ಲಿ ಮಲಮೂತ್ರ ತೆಗೆಯುತ್ತ, ಬಿಡುವಿನಲ್ಲಿ ದಾದಿಯ ಪರೀಕ್ಷೆಗೆ ಓದುತ್ತಾರೆ. ಮ್ಯಾಸಚೂಸೆಟ್ಸಿನ ಲೊವೆಲ್ ಎಂಬ ಊರಿನಲ್ಲಿ ಅವರ ಒಂದು ದೊಡ್ಡ ನೆಲೆಯಿದೆ. ಗಿರಣಿ ಬಂಧುಗಳು ಈ ಹೆಸರನ್ನು ಗಮನಿಸಬೇಕು. ಅಮೆರಿಕದ ಬಟ್ಟೆ ಗಿರಣಿಗಳ ತವರು ಅದು. 1834ರಲ್ಲಿಯೇ ಅಲ್ಲಿನ ನೇಯ್ಗೆಯ ಹುಡುಗಿಯರು ಕೂಲಿ ಕಡಿತದ ವಿರುದ್ಧ ಕೆಲಸ ನಿಲ್ಲಿಸಿದ್ದರು. ಈಗ ಗಿರಣಿಗಳಿಲ್ಲ, ಕೆಲವು ವಸ್ತುಸಂಗ್ರಹಾಲಯಗಳಾಗಿವೆ. ನಮ್ಮ ಪರೇಲು, ಲಾಲ್‌ಬಾಗಿನ ಗಿರಣಿಗಳು 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿ ಅಂಗಡಿಮಳಿಗೆಗಳಾದುದನ್ನು ಕಂಡವರಿಗೆ ಇದು ಹೊಸತಲ್ಲ.

ಹೈಟಿಯವರೂ ಕೀನ್ಯಾದವರೂ ಒಂದರಲ್ಲಿ ಮಾತ್ರ ಅಣ್ಣತಮ್ಮಂದಿರು. ಕೀನ್ಯಾದವರು ಚಾಮಾ ಎನ್ನುತ್ತಾರೆ, ಹೈಟಿಯವರು ಸೋಲ್ ಎನ್ನುತ್ತಾರೆ. ಹತ್ತು ಹದಿನೈದು ಮಂದಿ ಸೇರಿ ತಿಂಗಳು ತಿಂಗಳು ಹಣ ಹಾಕಿ ಸರದಿಯಂತೆ ಎತ್ತಿಕೊಳ್ಳುವುದು. ಅಂದರೆ ನಮ್ಮ ಚೀಟಿ, ಮುಂಬಯಿಯ ಭಿಶಿ. 2024ರಲ್ಲಿ ಹೊರದೇಶಗಳಿಂದ ಕೀನ್ಯಾಕ್ಕೆ ಬಂದ ಹಣ ಸುಮಾರು 500 ಕೋಟಿ ಡಾಲರು. ಅರ್ಧಕ್ಕಿಂತ ಹೆಚ್ಚು ಅಮೆರಿಕದಿಂದಲೇ. ಹೈಟಿಯಲ್ಲಿಯಾದರೋ ದೇಶದ ಒಟ್ಟು ಉತ್ಪತ್ತಿಯ ಐದನೆಯ ಒಂದು ಪಾಲಿನಷ್ಟು ಹಣ ಹೊರಗಿರುವವರು ಕಳುಹಿಸಿದುದು. ಕಡಿಮೆ ಪಗಾರದವನು, ಪರವಾನಗಿಯ ಭಯದಲ್ಲಿರುವವನು, ಆ ಇಡೀ ದೇಶದ ಒಲೆ ಉರಿಸುತ್ತಿದ್ದಾನೆ. ಯಾವ ತಕ್ಕಡಿಯಲ್ಲಿ ಇದನ್ನು ತೂಗುತ್ತೀರಿ?

ನಮ್ಮ ಮಿತ್ರರಿಗೆ ಒಂದು ಹಳೆಯ ಮಾತು ನೆನಪಿಸುತ್ತೇನೆ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ಮೇಲೆ ಕೂಗೆದ್ದು ಉಡುಪಿ ಹೊಟೇಲುಗಳ ಗಾಜಿಗೆ ಕಲ್ಲು ಬಿದ್ದಾಗ, ನಮ್ಮನ್ನೂ “ಇವರ ಗುಣವೇ ಹೀಗೆ” ಎಂದು ತೂಗಿದ್ದರು. ಒಂದೇ ಹಳ್ಳಿಯಿಂದ ಬಂದ ಅಣ್ಣತಮ್ಮಂದಿರಲ್ಲಿ ಮೆಟ್ರಿಕ್ ಮುಗಿಸಿ ಬಂದವನು ಬ್ಯಾಂಕಿನ ಗುಮಾಸ್ತನಾದ. ಹತ್ತನೆಯ ವಯಸ್ಸಿಗೆ ಕಪ್ಪು ಬಶಿ ತೊಳೆಯಲು ಬಂದವನು ರಾತ್ರಿ ಶಾಲೆ ಸಿಕ್ಕಿದರೆ ಮೇಲೆ ಬಂದ, ಸಿಗದಿದ್ದರೆ ಅಲ್ಲಿಯೇ ಮುದುಕನಾದ. ಒಂದೇ ತಾಯಿಯ ಮಕ್ಕಳಲ್ಲವೆ ಅವರು?

ನಮ್ಮ ಸಂಘದ ರಾತ್ರಿ ವರ್ಗದಲ್ಲಿ ಈಗ ಹದಿನೆಂಟು ಮಂದಿ ಇಂಗ್ಲಿಷ್ ಮತ್ತು ಲೆಕ್ಕ ಕಲಿಯುತ್ತಿದ್ದಾರೆ. ಒಡಿಶಾದ ಮೂವರು ಹುಡುಗರು ಸೇರಲು ಬಂದಾಗ “ಇದು ಕನ್ನಡಿಗರ ಸಂಘ” ಎಂದು ಹೇಳಿ ಕಳುಹಿಸಿದ್ದೇವೆ. ಬರುವ ಮಹಾಸಭೆಯಲ್ಲಿ ಈ ವಿಷಯವನ್ನು ನಾನು ಎತ್ತುವವನಿದ್ದೇನೆ. ಗಲ್ಲೆಯ ಮಿತ್ರರು ತಪ್ಪದೆ ಬಂದು ವಿರೋಧಿಸಲಿ. ಆ ಹುಡುಗರನ್ನೂ ಅಂದು ಕರೆಯೋಣ, ಹಿಂದಿನ ಬೆಂಚಿನಲ್ಲಿ ಜಾಗವಿದೆ.