ಹೆಣ್ಣುಮಗುವಿನ ಮುನಿಸಿಗೆ ಮದುವೆಯೇ ಮದ್ದೆ?

"ಹುಡುಗಿ ಈಚೆಗೆ ಎದುರುಮಾತಾಡುತ್ತಾಳೆ, ಈಗ ನಕ್ಕರೆ ಮರುಗಳಿಗೆಗೆ ಅಳುತ್ತಾಳೆ. ಬೇಗನೆ ಒಂದು ಮನೆ ಸೇರಿಸಿದರೆ ಸರಿಹೋದಾಳು." ಕೌತಾಳಂ, ಕೋಸಿಗಿ, ಆದವಾನಿಗಳ ಸುತ್ತಿನ ಹಳ್ಳಿಗಳಲ್ಲಿ ಹಿರಿಯರ ಬಾಯಿಂದ ಇಂದಿಗೂ ಕೇಳಿಬರುವ ಮಾತಿದು. ಅನುಭವದ ನುಡಿಯೆಂಬ ಗೌರವವೂ ಅದಕ್ಕೆ ಸಂದಿದೆ. ನಾವು ಅದನ್ನು ಒಪ್ಪಲಾರೆವು.

ಹತ್ತರಿಂದ ಹದಿನಾರರವರೆಗಿನ ವಯಸ್ಸು ದೇಹ ಮನಸ್ಸುಗಳೆರಡೂ ಮಾರ್ಪಡುವ ಕಾಲ. ಮಿದುಳಿನಲ್ಲಿ ಭಾವಗಳನ್ನು ಕೆರಳಿಸುವ ಭಾಗ ಮೊದಲು ಚುರುಕಾಗುತ್ತದೆ. ಅವುಗಳಿಗೆ ಕಡಿವಾಣ ಹಾಕುವ ಮುಂಭಾಗ ಪೂರ್ಣವಾಗಿ ಪಕ್ವವಾಗುವುದು 20 ವರ್ಷ ದಾಟಿದ ಮೇಲೆ. ಇದರೊಡನೆ ಮುಟ್ಟಿನ ನೋವು, ರಕ್ತಹೀನತೆಯ ಆಯಾಸ ಕೂಡಿದರೆ ಸಿಡುಕು ಬಾರದಿದ್ದೀತೆ? ಮಗಳ ಮುನಿಸು ಸೊಕ್ಕಲ್ಲ, ಬೆಳವಣಿಗೆ. ಮಗನ ಸಿಡುಕನ್ನು ಹುಡುಗುಬುದ್ಧಿಯೆಂದು ನಕ್ಕು ಮರೆಯುವ ಮನೆ ಮಗಳ ಸಿಡುಕಿಗೆ ವರನನ್ನು ಹುಡುಕುವುದು ಯಾವ ನ್ಯಾಯ?

ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂತಾಳೆಂಬ ಆಕ್ಷೇಪವುಂಟು. ಕೇಳಿದ್ದೆಲ್ಲವನ್ನೂ ಕೊಡಿರೆಂದು ನಾವು ಹೇಳುತ್ತಿಲ್ಲ. ಹೇಳಿದ್ದನ್ನೆಲ್ಲ ಕೇಳಿರೆಂದಷ್ಟೇ ಹೇಳುತ್ತಿದ್ದೇವೆ. ಕಟ್ಟುಪಾಡು ಇರಲಿ, ಅದರ ಕಾರಣವನ್ನೂ ತಿಳಿಸಿರಿ.

ಬಡತನವನ್ನು ನಾವು ಮರೆತಿಲ್ಲ. ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಸುಗ್ಗಿಗೆ ಹೋಗುವ ತಂದೆತಾಯಿಗಳು ಬೆಳೆದ ಮಗಳನ್ನು ಎಲ್ಲಿ ಬಿಡಬೇಕು? ಕರೆದೊಯ್ದರೆ ಓದು ನಿಲ್ಲುತ್ತದೆ, ಬಿಟ್ಟುಹೋದರೆ ಭಯ. ಈ ಭಯ ನಿಜವಾದುದೇ. ಆದರೆ ಅದಕ್ಕೆ ಪರಿಹಾರ ವಸತಿಶಾಲೆ, ಮದುವೆಯಲ್ಲ. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿರುವುದು ಇಂಥವರಿಗಾಗಿಯೇ. 18 ತುಂಬದ ಹುಡುಗಿಯ ಮದುವೆ ಮಾಡಿಸುವುದು 2006ರ ಕಾನೂನಿನಂತೆ ಅಪರಾಧ. ಕಾನೂನಿನ ಮಾತು ಹಾಗಿರಲಿ. ತನ್ನ ಮನಸ್ಸನ್ನೇ ತಾನರಿಯದ ಮಗುವಿನ ಮಡಿಲಿಗೆ ಇನ್ನೊಂದು ಮಗುವನ್ನು ಹಾಕುವುದು ಮದ್ದೆ?

ಉಪಾಧ್ಯಾಯ ಬಂಧುಗಳಲ್ಲಿ ಒಂದು ಬಿನ್ನಹ. 1953ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಅಗಲಿ ಆಂಧ್ರದಲ್ಲಿ ಉಳಿದುವು. ಇಲ್ಲಿಯ ಕನ್ನಡ ಹುಡುಗಿ ಕಚೇರಿಯಲ್ಲಿ, ಆಸ್ಪತ್ರೆಯಲ್ಲಿ ತೆಲುಗನ್ನು ಆಡಿ ಕೆಲಸ ಸಾಗಿಸಿಯಾಳು. ಎದೆಯ ದುಃಖವನ್ನು ಬಿಚ್ಚಿಡಲು ಆಕೆಗೆ ತಾಯ್ನುಡಿಯೇ ಬೇಕು. ಆ ನುಡಿಯನ್ನು ಆಲಿಸುವ ಕಿವಿ ಮನೆಯಲ್ಲಿಲ್ಲವಾದರೆ ತರಗತಿಯಲ್ಲಾದರೂ ಇರಲಿ. ವಾರಗಟ್ಟಲೆ ಊಟ ನಿದ್ರೆ ಬಿಟ್ಟು ಮಂಕಾದ ಹುಡುಗಿಯನ್ನು ಕಂಡರೆ ಗದರಿಸದೆ ವೈದ್ಯರಲ್ಲಿಗೆ ಕಳುಹಿಸಿರಿ. ಕನ್ನಡ ಉಳಿಯಲೆಂದು ಸಭೆ ಸೇರುವ ನಾವು ಕನ್ನಡದಲ್ಲಿ ಅಳುವ ಹುಡುಗಿಗೆ ಕಿವುಡಾದರೆ ಉಳಿಸಿದ್ದಾದರೂ ಏನು?

ವಿದ್ಯಾರ್ಥಿನಿಯರೆ, ನಿಮ್ಮ ಅಳು ಅಪರಾಧವಲ್ಲ. ನಂಬಿಕೆಯುಳ್ಳ ಹಿರಿಯರೊಬ್ಬರಲ್ಲಿ ಬಾಯಿಬಿಟ್ಟು ಹೇಳಿರಿ. ಯಾರೂ ಕೇಳದೆ ಮದುವೆಯ ಮಾತೆತ್ತಿದರೆ ಮಕ್ಕಳ ಸಹಾಯವಾಣಿ 1098 ಎಂಬುದು ನೆನಪಿರಲಿ.