ಅಗ್ಗದ ಗಿಟಾರ್ ಮೇಲೆ ಹೊರಿಸಿದ ಅಪವಾದ

ಎಂಟು ಸಾವಿರದ್ದು ಸರಿಯಿಲ್ಲ ಎಂದು ಹದಿನೆಂಟು ಸಾವಿರದ್ದು, ಅದರಲ್ಲೂ ಶ್ರುತಿ ನಿಲ್ಲಲ್ಲ ಎಂದು ನಲವತ್ತು ಸಾವಿರದ್ದು. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಕೆ ಹೀಗೆ ಅಂಗಡಿಯಿಂದ ಅಂಗಡಿಗೆ ಸಾಗುತ್ತದೆ. ಮೂರನೆಯದೂ ಗೋಡೆಯ ಕೊಕ್ಕೆಗೆ ಸೇರಿದ ಮೇಲೆ ತೀರ್ಪು ಹೊರಬೀಳುತ್ತದೆ: "ಮೊದಲೇ ಅಗ್ಗದ್ದು ತಗೋಬಾರದಿತ್ತು ಕಣ್ರೀ." ಈ ಮಾತು ಕೇಳಿ ಕೇಳಿ ರೋಸಿಹೋಗಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆಯೂ ಇಲ್ಲಿಗೆ ಪೂರ್ತಿ ಒಪ್ಪುವುದಿಲ್ಲ. ಗಿಟಾರ್ ವಿಷಯದಲ್ಲಿ ನೆಲ ಬಹಳ ಸಲ ನಿಜವಾಗಿಯೇ ಡೊಂಕಾಗಿರುತ್ತದೆ. ಆದರೆ ಆ ಡೊಂಕನ್ನು ತಿದ್ದುವ ಪುಟ್ಟ ಅಲೆನ್ ಕೀ ಗಿಟಾರ್ ಬಂದ ಡಬ್ಬಿಯಲ್ಲೇ ಇತ್ತು. ಅದನ್ನು ಪ್ಯಾಕಿಂಗ್ ಕವರಿನ ಜೊತೆ ಕಸಕ್ಕೆ ಎಸೆದವರು ನೀವು.

ಅಗ್ಗ ಎಂದ ಕೂಡಲೇ ಮೂಗು ಮುರಿಯುವವರಿಗೆ ಈ ವಾದ್ಯದ ಜಾತಕ ಗೊತ್ತಿಲ್ಲ. ಇಂದು ಜಗತ್ತು ಆರಾಧಿಸುವ ಟೆಲಿಕಾಸ್ಟರ್ ಮತ್ತು 1954ರ ಸ್ಟ್ರಾಟೊಕಾಸ್ಟರ್ ಗಿಟಾರ್‌ಗಳ ಹಿಂದಿದ್ದ ಲಿಯೊ ಫೆಂಡರ್, ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಅವರು ಮಾಡಿದ್ದೆಂದರೆ ಗಟ್ಟಿ ಹಲಗೆಯನ್ನು ಆಕಾರಕ್ಕೆ ಕತ್ತರಿಸಿ, ಬೇರೆಯಾಗಿ ತಯಾರಾದ ನೆಕ್ ಅನ್ನು ಅದಕ್ಕೆ ನಾಲ್ಕು ಸ್ಕ್ರೂ ಹಾಕಿ ಬಿಗಿದದ್ದು. ಕಾರ್ಖಾನೆಯಲ್ಲಿ ಬೇಗ ಆಗಬೇಕು, ಕಡಿಮೆ ಖರ್ಚಿನಲ್ಲಿ ಆಗಬೇಕು, ಕೆಟ್ಟರೆ ಬಿಚ್ಚಿ ಬದಲಿಸಲು ಬರಬೇಕು, ಇಷ್ಟೇ ಲೆಕ್ಕಾಚಾರ. ಅದೇ ಅಮೆರಿಕದಲ್ಲಿ ಡ್ಯಾನ್‌ಎಲೆಕ್ಟ್ರೊ ಕಂಪನಿ ಹಾರ್ಡ್‌ಬೋರ್ಡ್ ಹಲಗೆಯ ಮೈ ಮಾಡಿ, ಲಿಪ್‌ಸ್ಟಿಕ್ ಕೊಳವೆಯೊಳಗೆ ತಂತಿಯ ಕಂಪನ ಹಿಡಿಯುವ ಪಿಕಪ್ ತುರುಕಿ ಮಾರಿತು. ಮುಂದೆ ಲೆಡ್ ಜೆಪ್ಲಿನ್‌ನ ಜಿಮ್ಮಿ ಪೇಜ್ ಅಂಥದ್ದೊಂದನ್ನು ಹಿಡಿದು ವೇದಿಕೆ ಹತ್ತಿದರು. ಕ್ವೀನ್ ತಂಡದ ಬ್ರಯಾನ್ ಮೇ 1963ರಲ್ಲಿ ತಂದೆಯ ಜೊತೆ ಕೂತು, ಹಳೆಯ ಅಗ್ಗಿಷ್ಟಿಕೆಯ ಮರ, ಮೋಟಾರ್ ಬೈಕಿನ ವಾಲ್ವ್ ಸ್ಪ್ರಿಂಗ್ ಇತ್ಯಾದಿ ಹಾಕಿ ಮಾಡಲು ಹಿಡಿದ ಗಿಟಾರ್ ಅನ್ನೇ ಜೀವನವಿಡೀ ನುಡಿಸುತ್ತ ಬಂದಿದ್ದಾರೆ. ಇವರ ಗಿಟಾರ್‌ಗಳಿಗೂ ನಿಮ್ಮ ಗೋಡೆಯ ಮೇಲಿರುವುದಕ್ಕೂ ಇರುವ ವ್ಯತ್ಯಾಸ ಬೆಲೆಯದಲ್ಲ. ಅವರಿಗೆ ತಮ್ಮ ಗಿಟಾರ್‌ನ ಪ್ರತಿ ತಿರುಪೂ ಗೊತ್ತಿತ್ತು.

ಹಿಂದೊಂದು ಕಾಲದಲ್ಲಿ ಅಗ್ಗದ ಗಿಟಾರ್ ಎಂದರೆ ನಿಜಕ್ಕೂ ಕೈ ಕೊಯ್ಯುವ ಸಾಮಾನೇ ಆಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಈಗ ಹಾಗಿಲ್ಲ. ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರಗಳು ಬಂದ ಮೇಲೆ ನೆಕ್‌ನ ಆಕಾರ, ಫ್ರೆಟ್ ಎಂಬ ಲೋಹದ ಪಟ್ಟಿಗಳು ಕೂರುವ ಸೀಳುಗಳ ಅಳತೆ ಇವೆಲ್ಲ ಅಗ್ಗದ ಮಾದರಿಗೂ ಕರಾರುವಾಕ್ಕಾಗಿ ಸಿಗುತ್ತಿವೆ. ಫೆಂಡರ್ ಕಂಪನಿ ಸ್ಕ್ವಾಯರ್ ಹೆಸರಿನ ಗಿಟಾರ್‌ಗಳನ್ನು 1982ರಲ್ಲಿ ಜಪಾನಿನಲ್ಲಿ ಮಾಡಿಸಲು ಶುರುಮಾಡಿತು. ಆ ಮೊದಲ ವರ್ಷಗಳ ಸ್ಕ್ವಾಯರ್‌ಗಳಿಗೆ ಇಂದು ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ. ಯಮಹಾದ ಪೆಸಿಫಿಕಾ ಸರಣಿ 1990ರದ್ದು, ಇನ್ನೂ ಜಗ್ಗದೆ ನಿಂತಿದೆ. ಕೊರಿಯಾದ ಕೋರ್ಟ್ ಕಂಪನಿಯ ಇಂಡೊನೇಷ್ಯಾ ಕಾರ್ಖಾನೆಯಲ್ಲಿ ಬೇರೆ ಬೇರೆ ದೊಡ್ಡ ಹೆಸರಿನ ಗಿಟಾರ್‌ಗಳೂ ತಯಾರಾಗುತ್ತವೆ. 15ರಿಂದ 20 ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಇವತ್ತು ಅಂಗಡಿಯಲ್ಲಿ ಸಿಗುವ ಹಲಗೆ, ನೆಕ್, ಪಿಕಪ್‌ಗಳು ಕಲಿಯುವವನಿಗಷ್ಟೇ ಅಲ್ಲ, ಸಣ್ಣಪುಟ್ಟ ವೇದಿಕೆ ಹತ್ತುವವನಿಗೂ ಸಾಲುತ್ತವೆ.

ಸಾಲದಿರುವುದು ಅದನ್ನು ನುಡಿಸುವ ಹದಕ್ಕೆ ತರುವ ದುಡಿಮೆ. ಕಾರ್ಖಾನೆ ಬೆಲೆ ಇಳಿಸುವುದು ಅಲ್ಲೇ. ಯಂತ್ರ ಮಾಡುವ ಕೆಲಸ ಅಗ್ಗ, ಮನುಷ್ಯ ಕೂತು ಅರ ಹಿಡಿದು ಮಾಡುವ ಕೆಲಸ ದುಬಾರಿ. ಹಾಗಾಗಿ ನೆಕ್‌ನ ತುದಿಯಲ್ಲಿ ತಂತಿ ಹಾಯುವ ನಟ್ ಎಂಬ ಪಟ್ಟಿಯ ಕಚ್ಚುಗಳನ್ನು ಬೇಕಾದಷ್ಟು ಆಳಕ್ಕೆ ಕೊರೆಯದೆ ಬಿಟ್ಟಿರುತ್ತಾರೆ, ಫ್ರೆಟ್‌ಗಳ ತುದಿ ನಯವಾಗಿರುವುದಿಲ್ಲ, ತಂತಿ ಬೇಕಾದದ್ದಕ್ಕಿಂತ ಎತ್ತರದಲ್ಲಿ ನಿಂತಿರುತ್ತದೆ. ಅದರ ಮೇಲೆ ನಮ್ಮ ಹವೆ. ಇಂಡೊನೇಷ್ಯಾದಲ್ಲೋ ಚೀನಾದಲ್ಲೋ ಜೋಡಿಸಿದ್ದು ಹಡಗಿನಲ್ಲಿ, ಗೋದಾಮಿನಲ್ಲಿ ದಿನ ಕಳೆದು ಬೆಂಗಳೂರಿನ ಫೆಬ್ರುವರಿಗೆ ಬಂದು ಬೀಳುತ್ತದೆ. ಒಣಹವೆಗೆ ಮರ ಅಡ್ಡಲಾಗಿ ಕುಗ್ಗುತ್ತದೆ, ಲೋಹದ ಫ್ರೆಟ್ ಕುಗ್ಗುವುದಿಲ್ಲ. ಅದರ ತುದಿ ಹೊರಚಾಚಿ ಬೆರಳು ಗೀರುತ್ತದೆ. ಅದೇ ಗಿಟಾರ್ ಮಂಗಳೂರಿನ ಜುಲೈಗೆ ಹೋದರೆ ಮರ ನೀರು ಕುಡಿದು ನೆಕ್ ಬೇರೆಯೇ ಬಾಗು ಹಿಡಿಯುತ್ತದೆ. ಆರು ತಂತಿಗಳು ಒಟ್ಟಾಗಿ ಆ ತೆಳ್ಳನೆಯ ನೆಕ್ ಅನ್ನು 40 ಕೆ.ಜಿ. ಆಸುಪಾಸಿನ ಬಲದಲ್ಲಿ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಆ ಎಳೆತಕ್ಕೆ ಎದುರಾಗಿ ನೆಕ್‌ನೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇದೆ. ಅದನ್ನು ಅಲೆನ್ ಕೀಯಿಂದ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಕಾದು, ನೋಡಿ, ಬೇಕಿದ್ದರೆ ಮತ್ತೆ ತಿರುಗಿಸಬೇಕು.

ಇದಾವುದೂ ಗುಟ್ಟಿನ ವಿದ್ಯೆಯಲ್ಲ. ಮೊದಲನೆಯ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒತ್ತಿ ಹಿಡಿದು, ನಡುವೆ 8ನೇ ಫ್ರೆಟ್ ಹತ್ತಿರ ತಂತಿಯ ಕೆಳಗೆ ಕಾಲು ಮಿಲಿಮೀಟರ್ ಸಂದು ಇದೆಯೇ ನೋಡಿ. 12ನೇ ಫ್ರೆಟ್ ಮೇಲೆ ತಂತಿಯ ಎತ್ತರ 1.6 ಮಿಲಿಮೀಟರ್ ಆಸುಪಾಸು ಇರಬೇಕು. ಅದರ ದುಪ್ಪಟ್ಟು ಇದ್ದರೆ ನೀವು ನುಡಿಸುತ್ತಿಲ್ಲ, ಗುದ್ದಾಡುತ್ತಿದ್ದೀರಿ. 12ನೇ ಫ್ರೆಟ್ ಒತ್ತಿ ಹೊಮ್ಮಿಸಿದ ಸ್ವರ, ಅಲ್ಲೇ ತಂತಿಯನ್ನು ಮೆಲ್ಲಗೆ ಮುಟ್ಟಿ ಹೊಮ್ಮಿಸಿದ ಹಾರ್ಮೋನಿಕ್ಕಿಗಿಂತ ಮೇಲಿದ್ದರೆ ಬ್ರಿಡ್ಜ್‌ನ ತಂತಿ ಕೂರುವ ಸ್ಯಾಡಲ್ ಅನ್ನು ಹಿಂದಕ್ಕೆ ಸರಿಸಿ, ಕೆಳಗಿದ್ದರೆ ಮುಂದಕ್ಕೆ ತನ್ನಿ. ಶ್ರುತಿ ಹೇಳುವ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಇಷ್ಟನ್ನೂ ಮಾಡದೆ "ಶ್ರುತಿ ನಿಲ್ಲಲ್ಲ" ಎನ್ನುವುದು ಸೋಮಾರಿತನ, ಬೇರೆ ಹೆಸರು ಬೇಡ. ಶ್ರುತಿ ನಿಲ್ಲದಿರುವುದಕ್ಕೆ ಹೆಚ್ಚಿನ ಸಲ ಕಾರಣ ತಂತಿ ಸುತ್ತುವ ಬಿರಡೆಯೂ ಅಲ್ಲ. ತಂತಿ ನಟ್‌ನ ಕಚ್ಚಿನಲ್ಲಿ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಪೆನ್ಸಿಲ್ ಸೀಸದ ಪುಡಿ ತುಸು ಆ ಕಚ್ಚಿಗೆ ಸವರಿ, ಆಮೇಲೆ ಬಂದು ಬೈಯಿರಿ.

ಎಫ್ ಕಾರ್ಡ್ ಬಗ್ಗೆ ಒಂದು ಮಾತು, ಏಕೆಂದರೆ ಅರ್ಧಕ್ಕೆ ಬಿಟ್ಟವರಲ್ಲಿ ಬಹುತೇಕರು ಬಿಟ್ಟದ್ದು ಅಲ್ಲೇ. ತೋರುಬೆರಳನ್ನು ಮೊದಲ ಫ್ರೆಟ್ಟಿನಲ್ಲಿ ಅಡ್ಡಗೆ ಮಲಗಿಸಿ ಆರೂ ತಂತಿ ಒತ್ತುವ ಕಾರ್ಡ್ ಅದು. ನಟ್‌ನ ಕಚ್ಚು ಎತ್ತರವಾಗಿದ್ದರೆ ಮೊದಲ ಫ್ರೆಟ್ಟಿನಲ್ಲೇ ತಂತಿ ಅತಿ ಬಿರುಸು. ಒತ್ತಿದರೂ ಸ್ವರ ಮೇಲಕ್ಕೆ ಜಾರುತ್ತದೆ. ಹದಿನಾಲ್ಕರ ಹುಡುಗಿ ತನ್ನ ಬೆರಳಿಗೆ ಬಲವಿಲ್ಲ, ತನ್ನ ಕಿವಿ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ಎದುರಿಗೆ ಕೂತ ಮೇಷ್ಟ್ರು "ಪ್ರಾಕ್ಟೀಸ್ ಮಾಡಮ್ಮ, ಬರುತ್ತೆ" ಎನ್ನುತ್ತಾರೆ. ತಿಂಗಳು ತಿಂಗಳು ಫೀಸು ಎಣಿಸಿಕೊಳ್ಳುವ ಮೇಷ್ಟ್ರೇ, ಶಿಷ್ಯೆಯ ಗಿಟಾರ್ ಅನ್ನು ಒಂದು ಸಲ ನಿಮ್ಮ ತೊಡೆಯ ಮೇಲೆ ಇಟ್ಟುಕೊಂಡು ಅದೇ ಎಫ್ ಹಿಡಿದು ನೋಡಿದ್ದೀರಾ? ನೋಡಿದ್ದರೆ ಅವಳ ಬೆರಳನ್ನಲ್ಲ, ನಟ್ಟನ್ನು ಸರಿಮಾಡಿಸಿ ಎಂದು ಅಪ್ಪನಿಗೆ ಹೇಳುತ್ತಿದ್ದಿರಿ. ಆ ಅಪ್ಪನೂ ಕಡಿಮೆಯಲ್ಲ. ಕ್ಲಾಸಿಗೆ ವರ್ಷಕ್ಕೆ ಸಾವಿರಾರು ಕೊಡುವವರು ಹೀಗೆ ಹದ ಮಾಡಿಸುವ ಸೆಟಪ್‌ಗೆ ಒಂದೆರಡು ಸಾವಿರ ಎಂದರೆ, ಹೊಸ ಗಿಟಾರ್‌ಗೆ ಅದೆಂಥ ರಿಪೇರಿ ಎಂದು ಹುಬ್ಬೇರಿಸುತ್ತಾರೆ.

ಇದೇ ಮನೆಯಲ್ಲಿ ಅಜ್ಜಿಯ ವೀಣೆ ಇದ್ದರೆ ನೋಡಿ. ಅದರ ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬೇಸಿಗೆಗೆ ಮೇಣ ಸಡಿಲಿಸಿದರೆ ಸ್ವರಸ್ಥಾನ ಅಲುಗಾಡುತ್ತದೆ. ಆಗ ಕಸುಬುದಾರನನ್ನು ಹುಡುಕಿ ಮೇಳ ಕಟ್ಟಿಸುತ್ತಾರೆ, ಯಾರೂ ವೀಣೆ ಕೆಟ್ಟುಹೋಯಿತು ಎಂದು ಅಟ್ಟಕ್ಕೆ ಹಾಕುವುದಿಲ್ಲ. ವಾದ್ಯ ಎಂದ ಮೇಲೆ ಆಗಾಗ ಹದ ಮಾಡಿಸಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ತಲೆತಲಾಂತರದಿಂದ ಇದೆ. ಪ್ಲಗ್ ಚುಚ್ಚುವ ವಾದ್ಯ ಬಂದ ಕೂಡಲೇ ಆ ತಿಳಿವಳಿಕೆ ಎಲ್ಲಿಗೆ ಹೋಯಿತು? ಮಿಕ್ಸಿ ಕೊಂಡಂತೆ ಕೊಂಡು, ಮಿಕ್ಸಿಯಂತೆ ಓಡಲಿ ಎಂದು ಕಾಯುತ್ತೇವೆ. ಆಯುಧಪೂಜೆಯ ದಿನ ಮಾತ್ರ ಗಿಟಾರ್‌ಗೆ ಅರಿಶಿನ ಕುಂಕುಮ, ಸೇವಂತಿಗೆ. ಅದರ ತಂತಿ ಕಳೆದ ಆಯುಧಪೂಜೆಯದೇ. ಬೆವರಿಗೆ ತುಕ್ಕು ಹಿಡಿದು ಬೆರಳಿಗೆ ಕಪ್ಪು ಮೆತ್ತುತ್ತಿರುತ್ತದೆ.

ಅಂಗಡಿಯವರನ್ನು ಬಿಟ್ಟರೆ ಪಕ್ಷಪಾತವಾದೀತು. ಡಬ್ಬಿ ಬಿಚ್ಚದೆ ಕೈಗಿಟ್ಟು "ಸೀಲ್ಡ್ ಪೀಸ್ ಸಾರ್" ಎನ್ನುವುದನ್ನೇ ಸೇವೆ ಎಂದುಕೊಂಡಿದ್ದಾರೆ. ಬೀಗಮುದ್ರೆಯ ಡಬ್ಬಿ ಬಿಸ್ಕತ್ತಿಗೆ ಒಪ್ಪುತ್ತದೆ. ಗಿಟಾರ್ ಮಾರುವವನು ಡಬ್ಬಿ ಬಿಚ್ಚಿ, ಹದ ಮಾಡಿ, ಗಿರಾಕಿಯ ಮುಂದೆ ಪ್ರತಿ ಫ್ರೆಟ್ಟಿನಲ್ಲೂ ಪ್ರತಿ ತಂತಿ ಮೀಟಿ ತೋರಿಸಿ ಕೊಡಬೇಕು. ಗಿರಾಕಿ ಕೇಳುವುದಿಲ್ಲ, ಅಂಗಡಿ ಮಾಡುವುದಿಲ್ಲ. ಆನ್‌ಲೈನಿನಲ್ಲಿ ತರಿಸುವವರಂತೂ ನಕ್ಷತ್ರ ಎಣಿಸಿ ಕೊಳ್ಳುತ್ತಾರೆ. ಆ ಐದು ನಕ್ಷತ್ರಗಳಲ್ಲಿ ಮೂರು ಬಣ್ಣಕ್ಕೆ, ಎರಡು ಕೊರಿಯರ್ ಬೇಗ ಬಂದದ್ದಕ್ಕೆ.

ಇನ್ನು ಮರದ ಹೆಸರು ಕೇಳಿ ಗಿಟಾರ್ ಆರಿಸುವ ಪಂಡಿತರು. "ಫಿಂಗರ್‌ಬೋರ್ಡ್ ರೋಸ್‌ವುಡ್ ಅಲ್ವಂತೆ, ಇಂಡಿಯನ್ ಲಾರೆಲ್ ಅಂತೆ, ಬೇಡ" ಎಂದು ಒಳ್ಳೆಯ ಸ್ಕ್ವಾಯರ್ ಬಿಟ್ಟು ಬಂದವರನ್ನು ಕಂಡಿದ್ದೇನೆ. ರೋಸ್‌ವುಡ್ ಎಂದರೆ ನಮ್ಮ ಬೀಟೆಯ ಕುಲ. ಬ್ರೆಜಿಲ್‌ನ ಬೀಟೆ ಸಿಗದಂತಾದಾಗ ಲೋಕದ ಗಿಟಾರ್ ಕಂಪನಿಗಳು ಪಶ್ಚಿಮಘಟ್ಟದ ಬೀಟೆಗೆ ಕೈಚಾಚಿದವು. 2017ರ ಜನವರಿಯಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದಡಿ ಬೀಟೆಯ ಇಡೀ ಕುಲಕ್ಕೆ ಗಡಿ ದಾಟಲು ಕಾಗದಪತ್ರ ಕಡ್ಡಾಯವಾಯಿತು. ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದ್ದು 2019ರ ಕೊನೆಗೆ. ಆ ತಾಪತ್ರಯ ಬೇಡವೆಂದು ಅಗ್ಗದ ಮಾದರಿಗಳಿಗೆ ಬೇರೆ ಮರಗಳು ಬಂದವು. ಅದರಲ್ಲಿ ಈ ಇಂಡಿಯನ್ ಲಾರೆಲ್ ಎಂಬುದು ಇನ್ನೇನೂ ಅಲ್ಲ, ಮತ್ತಿ. ಮಲೆನಾಡಿನ ಹಳೆಯ ಮನೆಗಳ ತೊಲೆಯಾಗಿ ನಿಂತ ಮತ್ತಿಯ ಜಾತಿಯೇ. ಎಷ್ಟೋ ಮಳೆಗಾಲಗಳನ್ನು ಕಂಡ ಮರ ನಿಮ್ಮ ಮೂರು ಕಾರ್ಡ್‌ಗಳ ಭಾರ ತಾಳದೆ? ಒಣಗಿದಂತೆ ಕಂಡರೆ ವರ್ಷಕ್ಕೆ ಒಂದೆರಡು ಸಲ ಫಿಂಗರ್‌ಬೋರ್ಡ್ ಎಣ್ಣೆ ಒರೆಸಿ. ಮರದ ಹೆಸರು ಕೇಳುವ ಮೊದಲು ಫ್ರೆಟ್ ತುದಿಗಳ ಮೇಲೆ ಬೆರಳು ಎಳೆದಿದ್ದರೆ ಹತ್ತು ಪಟ್ಟು ಉಪಯೋಗದ ಸುದ್ದಿ ಸಿಗುತ್ತಿತ್ತು.

ಇಷ್ಟು ಹೇಳಿದೆನೆಂದು ಅಗ್ಗದ್ದೆಲ್ಲ ಚಿನ್ನ ಎಂದು ಹೊರಡಬೇಡಿ, ಅದು ಇನ್ನೊಂದು ಬಗೆಯ ಮೈಗಳ್ಳತನ. ನಾಲ್ಕೈದು ಸಾವಿರಕ್ಕೆ ಗಿಟಾರ್, ಆ್ಯಂಪ್, ಚೀಲ, ಬೆಲ್ಟು ಎಲ್ಲ ಸೇರಿಸಿ ಕೊಡುವ ಕಟ್ಟುಗಳಲ್ಲಿ ಮೈ ಪ್ಲೈವುಡ್ಡಿನದಿರಬಹುದು, ಟ್ರಸ್ ರಾಡ್ ತಿರುಗದೆ ಜಾಮ್ ಆಗಿರಬಹುದು. ತಿರುಗದ ರಾಡ್ ಇರುವ ನೆಕ್‌ಗೆ ಯಾವ ಕಸುಬುದಾರನೂ ಹೆಚ್ಚೇನೂ ಮಾಡಲಾರ. ಅಂಥದ್ದನ್ನು ಮಗುವಿನ ಕೈಗೆ ಕೊಡುವುದಕ್ಕಿಂತ ಆರು ತಿಂಗಳು ಕಾಯಿಸುವುದು ಮೇಲು. ಸನ್ನೆ ಅದುಮಿ ಸ್ವರ ನಡುಗಿಸುವ ಟ್ರೆಮೊಲೊ ಬ್ರಿಡ್ಜ್ ಅಗ್ಗದ ಗಿಟಾರ್‌ನಲ್ಲಿ ಕಣ್ಣಿಗೆ ಚೆಂದ, ಶ್ರುತಿಗೆ ಶನಿ. ಅಲುಗದ ಬ್ರಿಡ್ಜ್ ಇರುವುದನ್ನೇ ಆರಿಸಿ. ವಾಲ್ಯೂಮ್ ಗುಬುಟು ಗೊರಗುಟ್ಟುವುದು, ಪಿಕಪ್ ಸ್ವಿಚ್ ಕೈಕೊಡುವುದು, ಜಾಕ್ ಸಡಿಲವಾಗುವುದು ಇವೆಲ್ಲ ಒಂದೆರಡು ವರ್ಷದಲ್ಲಿ ಬರುವ ಕಾಯಿಲೆಗಳು; ಬೆಸುಗೆ ಹಾಕಲು ಗೊತ್ತಿರುವ ಯಾರಾದರೂ ಕೆಲವು ನೂರು ರೂಪಾಯಿಯಲ್ಲಿ ಗುಣಪಡಿಸುತ್ತಾರೆ. ಫ್ರೆಟ್‌ಗಳು ಸವೆದು ಗುಳಿ ಬಿದ್ದರೆ ಮಾತ್ರ ಲೆಕ್ಕ ಬೇರೆ. ಎಲ್ಲ ಫ್ರೆಟ್ ಕಿತ್ತು ಹೊಸದು ಹಾಕಿಸುವ ಖರ್ಚು ಗಿಟಾರ್ ಬೆಲೆಗೆ ಹತ್ತಿರ ಬರುತ್ತದೆ. ಅಷ್ಟು ಸವೆಯುವಷ್ಟು ನುಡಿಸಿದವರು ಈ ಬೈಗುಳಕ್ಕೆ ಹೊರತು, ಅವರು ಧಾರಾಳವಾಗಿ ದುಬಾರಿಯದು ಕೊಳ್ಳಲಿ.

ಗುಂಯ್‌ಗುಡುವ ಸದ್ದಿಗೂ ಗಿಟಾರ್ ಅನ್ನೇ ದೂರುವವರಿದ್ದಾರೆ. ಆ್ಯಂಪ್‌ನ ಮೂರನೆಯ ಪಿನ್ ಮುರಿದು ಎರಡು ಪಿನ್ನಿನ ಅಡಾಪ್ಟರಿಗೆ ಚುಚ್ಚಿರುತ್ತಾರೆ, ಇಲ್ಲವೇ ಬಾಡಿಗೆ ಮನೆಯ ಸಾಕೆಟ್ಟಿಗೆ ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ. ಬ್ರಿಡ್ಜ್‌ನಿಂದ ಒಂದು ತಂತು ಜಾಕ್ ಮೂಲಕ ಆ್ಯಂಪ್‌ನ ಲೋಹದ ಮೈಗೆ ಸೇರುತ್ತದೆ. ಅಂದರೆ ಆ್ಯಂಪ್‌ನೊಳಗೆ ದೋಷವಾಗಿ ಅರ್ಥಿಂಗ್ ಇಲ್ಲದಿದ್ದರೆ ಕರೆಂಟು ನೇರ ನಿಮ್ಮ ಬೆರಳ ತುದಿಗೆ. ಇದರಲ್ಲಿ "ನಡೆಯುತ್ತೆ ಬಿಡಿ" ಎನ್ನುವಂತಿಲ್ಲ. ಎಲೆಕ್ಟ್ರಿಷಿಯನ್‌ನನ್ನು ಇವತ್ತೇ ಕರೆಸಿ.

ಕೈಬಿಟ್ಟವರು ಗೋಡೆಯಿಂದ ಇಳಿಸಿ ಮಾರಿಬಿಡಿ, ಸೆಕೆಂಡ್‌ಹ್ಯಾಂಡ್‌ಗೆ ಗಿರಾಕಿ ಇದ್ದಾರೆ. ಕೊಳ್ಳುವವರಿಗೆ ನಾನು ಕೊಡುವ ಸಲಹೆಯೂ ಅದೇ: 15 ಸಾವಿರ ಕೈಯಲ್ಲಿದ್ದರೆ ಹೊಸತಿನ ಬದಲು ಇಂಥ ಗೋಡೆಯ ಗಿಟಾರ್ ಹುಡುಕಿ, ಅದೇ ದುಡ್ಡಿಗೆ ಒಂದು ಮೆಟ್ಟಿಲು ಮೇಲಿನದು ಸಿಗುತ್ತದೆ. ಅಲೆನ್ ಕೀ ಜೇಬಿನಲ್ಲಿಟ್ಟುಕೊಂಡು ಹೋಗಿ. ನೆಕ್ ಅನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಚಿದೆಯೇ ನೋಡಿ, ಮಾಲೀಕರನ್ನು ಕೇಳಿ ರಾಡ್ ತುಸು ತಿರುಗಿಸಿ ನೋಡಿ, ಆ್ಯಂಪ್‌ಗೆ ಚುಚ್ಚಿ ಗುಬುಟು, ಸ್ವಿಚ್ ಎಲ್ಲ ಆಡಿಸಿ. ಪಿಕ್‌ಗಾರ್ಡ್ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿಲ್ಲದಿದ್ದರೆ ಬೆಲೆಯಲ್ಲಿ ಇನ್ನೊಂದು ಸಾವಿರ ಇಳಿಸಿ ಕೇಳಿ. ತಂತಿಗೂ ಸೆಟಪ್‌ಗೂ ನಿಮಗೆ ಅಷ್ಟು ಬೇಕಾಗುತ್ತದೆ.